ದೂರದ ಬೆಟ್ಟದ ಬಣ್ಣ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಅರಿಯದ ಕನ್ನಡಿಗರು ವಿರಳ. ಮಗಳನ್ನು ಪರಸ್ಥಳಕ್ಕೆ ಕೊಡುವಾಗಲೂ, ಮಗನನ್ನು ಪಟ್ಟಣದ ಚಾಕರಿಗೆ ಕಳುಹಿಸುವಾಗಲೂ, ಕಾಣದ ಊರಿನಲ್ಲಿ ತೋಟ ಕೊಳ್ಳಲು ಹೊರಟಾಗಲೂ ಮನೆಯ ಹಿರಿಯರು ಈ ಮಾತನ್ನು ಎಚ್ಚರಿಕೆಯ ರೂಪವಾಗಿ ಹೇಳುವರು. ಹತ್ತಿರ ಹೋದ ಮೇಲೆ ಕಲ್ಲು ಮುಳ್ಳುಗಳು ಕಂಡಾವು ಎಂಬುದೇ ಅದರ ತಾತ್ಪರ್ಯವು. ಆದರೆ ನೀತಿಯನ್ನು ಕೊಂಚ ಬದಿಗಿಟ್ಟು ಅಕ್ಷರಾರ್ಥವನ್ನೇ ಹಿಡಿದರೆ, ಈ ಗಾದೆಯು ಚಿತ್ರ ಬರೆಯುವವನಿಗೆ ಮೊತ್ತಮೊದಲು ಉಪದೇಶಿಸತಕ್ಕ ಸೂತ್ರವಾಗಿರುವುದು. ದೂರದ ಬೆಟ್ಟವು ನಿಜವಾಗಿಯೂ ನುಣ್ಣಗೆ ಕಾಣುತ್ತದೆ. ಅದರ ಕಲ್ಲುಗಳು ಅಳಿಸಿಹೋಗುತ್ತವೆ, ಮರಗಳು ಒಂದರಲ್ಲೊಂದು ಕರಗುತ್ತವೆ, ಹಸುರು ಮಾಸಿ ನೀಲಿಯಾಗುತ್ತದೆ, ಕೊನೆಗೆ ಅದು ಆಕಾಶದಿಂದ ಬೇರೆಯೋ ಅಲ್ಲವೋ ಎಂಬಷ್ಟು ತೆಳುವಾಗುತ್ತದೆ. ಇದನ್ನು ಗಮನಿಸಿದ ಅಜ್ಞಾತ ಹಳ್ಳಿಗನ ಕಣ್ಣು ಎಷ್ಟು ಸೂಕ್ಷ್ಮವಾಗಿದ್ದಿತೆಂಬುದನ್ನು ವಾಚಕರೇ ಊಹಿಸಬಹುದು.

ಈ ವಿಷಯವನ್ನು ಕುರಿತು ಬರೆಯಲು ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸೀಮೆಗಿಂತ ತಕ್ಕ ನೆಲೆಯು ನಮಗೆ ತೋರುವುದಿಲ್ಲ. ಕೊಪ್ಪದ ಬಳಿಯ ಬಾಳಗಡಿಯಂತಹ ಊರಿನ ಒಂದು ಮನೆಯ ಜಗಲಿಯಲ್ಲಿ ಮಾರ್ಗಶಿರ ಮಾಸದ ಬೆಳಗಿನ ಹೊತ್ತು ಕುಳಿತುಕೊಂಡವನಿಗೆ ಪಾಠವು ತಾನಾಗಿಯೇ ಎದುರಿಗೆ ಹರಡಿಕೊಳ್ಳುವುದು. ಅಂಗಳದಲ್ಲಿ ಹರಡಿದ ಅಡಿಕೆ. ಅದರಾಚೆ ಕೊಯ್ಲಾದ ಗದ್ದೆ. ಗದ್ದೆಯಂಚಿಗೆ ಅಡಿಕೆಯ ತೋಟ. ತೋಟದ ಹಿಂದೆ ಕಾನು. ಕಾನಿನ ಹಿಂದೆ ಒಂದು ಗುಡ್ಡ, ಅದರ ಹೆಗಲ ಮೇಲಿಂದ ಇಣುಕುವ ಇನ್ನೊಂದು, ಅದರಾಚೆ ಮತ್ತೊಂದು. ಮೊದಲನೆಯ ಗುಡ್ಡವು ಹಸುರು. ಎರಡನೆಯದು ಬೂದಿ ಬೆರೆಸಿದ ಹಸುರು. ಮೂರನೆಯದಕ್ಕೆ ಹಸುರೆಂಬ ಹೆಸರೇ ಒಪ್ಪುವುದಿಲ್ಲ, ಅದು ನೀಲಿ. ಅದರಾಚೆಯದನ್ನು ನೋಡಿದವನು, ಕಂಡೆನೆಂದು ಹೇಳಲು ಒಂದು ಗಳಿಗೆ ತಡೆಯುವನು. ಮರವೆಂಬುದು ನಾಲ್ಕು ಗುಡ್ಡಗಳಲ್ಲಿಯೂ ಒಂದೇ ಜಾತಿಯದು, ಎಲೆಯೂ ಒಂದೇ ಹಸುರಿನದು. ಬದಲಾದುದು ನಡುವಣ ಗಾಳಿಯ ದಪ್ಪವು ಮಾತ್ರ.

ಗಾಳಿಗೆ ಬಣ್ಣವುಂಟೆ ಎಂದು ಕೇಳಿದರೆ, ಅಡಿಕೆ ಬೇಯಿಸುವ ಒಲೆಯ ಬಳಿಗೆ ಹೋಗಿ ನೋಡಬೇಕೆಂದು ನಾವು ಹೇಳುವೆವು. ಸೌದೆಯ ತೆಳು ಹೊಗೆಯು ತೋಟದ ಕಪ್ಪು ನೆರಳಿನ ಮುಂದೆ ಸುಳಿಯುವಾಗ ನೀಲಿಯಾಗಿ ಕಾಣುವುದು. ಅದೇ ಹೊಗೆಯು ಮೇಲೇರಿ ಬೆಳಗುವ ಆಕಾಶವನ್ನು ಬೆನ್ನಿಗಿಟ್ಟುಕೊಂಡ ಕೂಡಲೆ ಕಂದು ಮಿಶ್ರವಾದ ಹಳದಿಗೆ ತಿರುಗುವುದು. ಹೊಗೆ ಒಂದೇ, ಹಿನ್ನೆಲೆ ಬೇರೆ. ಒಲೆಯ ಬಳಿಗೆ ಹೋಗಲಾರದವರು ಒಂದು ಗಾಜಿನ ಲೋಟದ ನೀರಿಗೆ ಎರಡು ಮೂರು ತೊಟ್ಟು ಹಾಲನ್ನು ಬಿಟ್ಟು, ಕಪ್ಪು ಬಟ್ಟೆಯ ಮುಂದಿಟ್ಟು ಬದಿಯಿಂದ ಬೆಳಕು ಬೀಳಿಸಿ ನೋಡಲಿ. ಆ ನೀರಿನಲ್ಲಿ ನಸುನೀಲಿಯ ಛಾಯೆ ಕಾಣುವುದು. ಅದೇ ಲೋಟವನ್ನು ದೀಪಕ್ಕೆ ಅಡ್ಡಲಾಗಿ ಹಿಡಿದರೆ ದೀಪವು ಕೆಂಪಗಾಗುವುದು. ಮಕ್ಕಳಿರುವ ಮನೆಯಲ್ಲಿ ಇದಕ್ಕಿಂತ ಅಗ್ಗದ ವಿನೋದವಿಲ್ಲ.

ಇದರ ಕಾರಣವನ್ನು ಆಂಗ್ಲ ದೇಶದ ರ್‍ಯಾಲೆ ಎಂಬ ವಿದ್ವಾಂಸನು 1871ರಲ್ಲಿ ಗಣಿತದ ಮೂಲಕ ನಿರೂಪಿಸಿದನು. ಬೆಳಕಿನ ಅಲೆಗಳಿಗಿಂತ ಬಹಳ ಸಣ್ಣವಾದ ಕಣಗಳು ಬೆಳಕನ್ನು ಚದರಿಸುವಾಗ, ಗಿಡ್ಡ ಅಲೆಗಳನ್ನು ಹೆಚ್ಚಾಗಿಯೂ ಉದ್ದ ಅಲೆಗಳನ್ನು ಕಡಿಮೆಯಾಗಿಯೂ ಚದರಿಸುತ್ತವೆ. ಆ ತಾರತಮ್ಯವು ಅಲೆಯುದ್ದದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. ಕೆಂಪಿನ ಅಲೆಯು ಸುಮಾರು 700 ನ್ಯಾನೊಮೀಟರ್ ಉದ್ದವೂ ನೀಲಿಯದು ಸುಮಾರು 450 ನ್ಯಾನೊಮೀಟರ್ ಉದ್ದವೂ ಆಗಿರುವುದರಿಂದ, ನೀಲಿಯು ಕೆಂಪಿಗಿಂತ ಹೆಚ್ಚುಕಡಿಮೆ 6 ಪಾಲು ಅಧಿಕವಾಗಿ ಚದರಿಹೋಗುವುದು. ಬೆಟ್ಟಕ್ಕೂ ನಮಗೂ ನಡುವೆ ಇರುವ ಗಾಳಿಯು ಹೀಗೆ ಚದರಿಸಿದ ನೀಲಿ ಬೆಳಕನ್ನು ಬೆಟ್ಟದ ಮೇಲೆ ಒಂದು ಪರದೆಯಂತೆ ಹೊದಿಸುತ್ತದೆ. ಗಾಳಿ ಹೆಚ್ಚಿದಷ್ಟೂ ಪರದೆ ದಪ್ಪವಾಗುವುದು. ನಮ್ಮ ಚಂದ್ರಶೇಖರ ವೆಂಕಟ ರಾಮನ್ನರು 1921ರ ಸಮುದ್ರಯಾನದಲ್ಲಿ ಕಡಲಿನ ನೀಲಿಯನ್ನು ಕಂಡು ಇದೇ ಚದರಿಕೆಯ ಬೆನ್ನು ಹತ್ತಿದರೆಂಬುದೂ, ಅದರ ಫಲವಾಗಿ 1930ರಲ್ಲಿ ನೊಬೆಲ್ ಪಾರಿತೋಷಕವು ಬಂದಿತೆಂಬುದೂ ವಾಚಕರಿಗೆ ವಿದಿತವೇ. ಮಂಜಿನ ಹನಿಗಳಾದರೋ ಅಲೆಗಳಿಗಿಂತ ಬಹು ದೊಡ್ಡವು. ಅವು ಎಲ್ಲ ಬಣ್ಣಗಳನ್ನೂ ಸಮವಾಗಿ ಚದರಿಸುತ್ತವೆ. ಆದುದರಿಂದಲೇ ಮಂಜು ಬೆಳ್ಳಗಿರುವುದು, ಮತ್ತು ಮಂಜು ಹಿಡಿದ ಬೆಟ್ಟವು ನೀಲಿಯಾಗದೆ ಬರಿಯ ಬೂದುಬಣ್ಣಕ್ಕೆ ಇಳಿಯುವುದು. ಚಿತ್ರ ಬರೆಯುವವನು ಈ ಭೇದವನ್ನು ಮರೆಯಬಾರದು. ನೀಲಿಯು ಒಣ ಗಾಳಿಯ ಗುರುತು, ಬಿಳುಪು ನೀರಿನ ಗುರುತು.

ಬೆಟ್ಟಗಳು ನೀಲಿಯೆಂಬುದನ್ನು ನಮ್ಮವರು ಹಿಂದಿನಿಂದಲೂ ಬಲ್ಲರು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನ 1117ರ ಶಾಸನದಲ್ಲಿಯೇ ನೀಲಗಿರಿಯ ಹೆಸರು ಬಂದಿದೆ. ಆ ನೀಲಿಯು ಕುರಿಂಜಿ ಹೂವಿನಿಂದ ಬಂದುದೆಂದು ಕೆಲವರು ಹೇಳುವರು. ಹೂವು ಹನ್ನೆರಡು ವರ್ಷಕ್ಕೊಮ್ಮೆ ಅರಳುವುದು, ದೂರದ ನೀಲಿಯು ದಿನವೂ ಇರುವುದು. ನಮ್ಮ ಒಲವು ಯಾವ ಪಕ್ಷಕ್ಕೆಂಬುದನ್ನು ಹೇಳಬೇಕಾಗಿಲ್ಲ.

ಇಷ್ಟಿದ್ದರೂ ನಮ್ಮ ಪ್ರಾಚೀನ ಚಿತ್ರಗಳಲ್ಲಿ ಈ ಗಾಳಿಯ ಪರದೆಯು ಕಾಣದೆಂಬುದು ಸೋಜಿಗವೇ ಸರಿ. ವಿಷ್ಣುಧರ್ಮೋತ್ತರ ಪುರಾಣದ ಮೂರನೆಯ ಖಂಡದಲ್ಲಿರುವ ಚಿತ್ರಸೂತ್ರವು ಆಕಾಶವನ್ನು ವಿಶೇಷ ವರ್ಣವಿಲ್ಲದೆ ಹಕ್ಕಿಗಳಿಂದ ಕೂಡಿದಂತೆ ತೋರಿಸಬೇಕೆಂದೂ, ಪರ್ವತವನ್ನು ಶಿಲೆ, ಶಿಖರ, ವೃಕ್ಷ, ನಿರ್ಝರಗಳಿಂದ ಸೂಚಿಸಬೇಕೆಂದೂ ವಿಧಿಸುತ್ತದೆ. ನೆರಳು ಬೆಳಕುಗಳನ್ನು ತೋರಿಸುವ ವರ್ತನೆಯ ಭೇದಗಳನ್ನೂ ಅದು ಹೇಳಿರುವುದು. ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಗೋಡೆಯನ್ನು ಹದಗೊಳಿಸುವುದು, ಎಮ್ಮೆಯ ಚರ್ಮವನ್ನು ಕುದಿಸಿ ವಜ್ರಲೇಪವೆಂಬ ಅಂಟನ್ನು ತಯಾರಿಸುವುದು, ಕುಂಚ ಕಟ್ಟುವುದು ಮೊದಲಾದವೆಲ್ಲ ಸವಿಸ್ತಾರವಾಗಿವೆ. ಕಾಮಸೂತ್ರಕ್ಕೆ ಯಶೋಧರನು ಬರೆದ ವ್ಯಾಖ್ಯಾನದಲ್ಲಿ ಎಣಿಸಿರುವ ಚಿತ್ರದ ಆರು ಅಂಗಗಳಲ್ಲಿ ಕೊನೆಯದಾದ ವರ್ಣಿಕಾಭಂಗವು ಬಣ್ಣಗಳನ್ನು ಬೆರೆಸುವ ಜಾಣ್ಮೆಯೇ ಆಗಿದೆ. ಆದರೆ ದೂರವು ಬಣ್ಣವನ್ನು ತಿನ್ನುತ್ತದೆ ಎಂಬ ಮಾತು ಇವಾವುವುಗಳಲ್ಲಿಯೂ ಪ್ರಧಾನವಾಗಿಲ್ಲ. ಇದು ನ್ಯೂನತೆಯೆಂದು ನಾವು ಹೇಳಲಾರೆವು. ಆ ಚಿತ್ರಕಾರರಿಗೆ ಬೇಕಾದುದು ಪರ್ವತದ ಲಕ್ಷಣವೇ ಹೊರತು ಒಂದಾನೊಂದು ಬೆಳಗಿನಲ್ಲಿ ಒಂದು ಜಗಲಿಯಿಂದ ಕಂಡ ಪರ್ವತವಲ್ಲ. ಸಾಗರದ ಕಡೆಯ ದೀವರ ಹೆಂಗಸರು ಮದುವೆಮನೆಯ ಗೋಡೆಯ ಮೇಲೆ ಕೆಮ್ಮಣ್ಣು ಅಕ್ಕಿಹಿಟ್ಟುಗಳಿಂದ ಬರೆಯುವ ಹಸೆಯಲ್ಲಿ ದೂರವೆಂಬುದೇ ಇಲ್ಲ. ಅಲ್ಲಿ ದೂರ ಬೇಕಾಗಿಯೂ ಇಲ್ಲ.

ದೂರವನ್ನು ಹಟ ಹಿಡಿದು ಬೆನ್ನಟ್ಟಿದವರು ಎರಡು ಕಡೆಯವರು. ಚೀನದ ಗುವೊ ಶಿ ಎಂಬ ಚಿತ್ರಕಾರನು 11ನೆಯ ಶತಮಾನದಲ್ಲಿ, ಬೆಟ್ಟವನ್ನು ಎತ್ತರವಾಗಿ ತೋರಿಸಬೇಕಾದರೆ ಅದರ ನಡುವಿಗೆ ಮಂಜಿನ ಪಟ್ಟಿಯನ್ನು ಸುತ್ತಬೇಕೆಂದು ಬೋಧಿಸಿದನು. 1072ರಲ್ಲಿ ಅವನು ಬರೆದ ‘ವಸಂತಾರಂಭ’ದ ಬೆಟ್ಟಗಳು ಬಹುಮಟ್ಟಿಗೆ ಮಸಿಯಿಂದ ಆದವು, ಆದರೂ ಅಲ್ಲಿ ತೇವವು ಕೈಗೆ ತಾಗುವಂತಿದೆ. ಇಟಲಿಯ ಲಿಯೊನಾರ್ಡೊ ದಾ ವಿಂಚಿಯು (1452–1519) ಈ ವಿಷಯಕ್ಕೆ ಒಂದು ಲೆಕ್ಕಾಚಾರವನ್ನೇ ಮಾಡಿದನು. ಐದು ಪಾಲು ದೂರದಲ್ಲಿರುವ ಕಟ್ಟಡವನ್ನು ಐದು ಪಾಲು ನೀಲಿಯಾಗಿ ಬರೆಯಬೇಕೆಂದು ಅವನ ಅಭಿಪ್ರಾಯ. ಹೊಗೆಯು ಕಪ್ಪಿನ ಮುಂದೆ ನೀಲಿಯಾಗುವುದನ್ನೂ ಅವನು ಕಂಡು ಬರೆದಿಟ್ಟಿದ್ದನು. ಜಗತ್ಪ್ರಸಿದ್ಧವಾದ ಮೋನಾ ಲೀಸಾ ಚಿತ್ರದಲ್ಲಿ ಆ ಮಹಿಳೆಯ ಮುಗುಳ್ನಗೆಯನ್ನು ನೋಡುವವರು ಕೋಟಿ. ಅವಳ ಹೆಗಲಾಚೆಯ ನೀಲಿ ಬಂಡೆಗಳನ್ನು ನೋಡುವವರು ಬೆರಳೆಣಿಕೆಯವರು.

ಕನ್ನಡ ನಾಡಿನಲ್ಲಿ ಈ ಮಾರ್ಗದ ಆಚಾರ್ಯರೆಂದರೆ ಕೆ. ವೆಂಕಟಪ್ಪನವರು (1886–1965). ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದು ಪುರಾಣದ ಚಿತ್ರಗಳಿಂದ ಹೆಸರು ಪಡೆದ ಇವರು, ಮೈಸೂರು ಸೀಮೆಗೆ ಮರಳಿದ ಮೇಲೆ 1926ರಲ್ಲಿ ಉದಕಮಂಡಲದ, 1934ರಲ್ಲಿ ಕೊಡೈಕೆನಾಲಿನ ದೃಶ್ಯಗಳನ್ನು ಜಲವರ್ಣದಲ್ಲಿ ಬರೆದರು. ಮೇಲೇಳುವ ಮಂಜು, ಸರೋವರದ ಮೇಲಣ ಮಳೆಯ ಮಬ್ಬು, ಬೆಟ್ಟಗಳ ಹಿಂದಣ ಬೆಟ್ಟಗಳು ಅವುಗಳ ವಿಷಯವು. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಇವರ ಹೆಸರಿನಲ್ಲಿಯೇ ಇರುವ ಚಿತ್ರಶಾಲೆಗೆ ಹೋದವರು ಇವರ ಕೃತಿಗಳ ಎದುರು ನಿಂತು ಒಂದು ಸಂಗತಿಯನ್ನು ಪರೀಕ್ಷಿಸಬೇಕು: ಇವರ ಬಣ್ಣಗಳಲ್ಲಿ ಕೂಗುವ ಬಣ್ಣವೊಂದೂ ಇಲ್ಲ. ಇವರು ವೀಣೆ ಶೇಷಣ್ಣನವರ ಬಳಿ ವೀಣೆ ಕಲಿತವರು. ಮಂದ್ರಸ್ಥಾಯಿಯ ಬೆಲೆಯನ್ನು ಬಲ್ಲ ಕೈಯೇ ಆ ಬೂದು ನೀಲಿಗಳನ್ನೂ ಬೆರೆಸಿದುದೆಂದು ನಮಗೆ ತೋರುತ್ತದೆ. ಆದರೆ ಮಂದವರ್ಣವೇ ಸರ್ವಸ್ವವೆಂದು ಯಾರೂ ತಿಳಿಯಬಾರದು. ರುಮಾಲೆ ಚನ್ನಬಸವಯ್ಯನವರು (1910–1988) ಬೆಂಗಳೂರಿನ ಹೂಮರಗಳನ್ನು ಉರಿಯುವ ಬಣ್ಣಗಳಲ್ಲಿ ಬರೆದರು, ಅದೂ ಕಂಡದ್ದನ್ನೇ ಬರೆದುದು. ಗುಲ್‌ಮೊಹರಿಗೆ ಮಂಜಿನ ಮುಸುಕು ಹಾಕಬೇಕೆಂದು ಕಟ್ಟಳೆಯಿಲ್ಲ.

ಮಾತಿನಲ್ಲಿ ಈ ಬೆಟ್ಟಗಳನ್ನು ಬರೆದವರೂ ಇಲ್ಲಿಯವರೇ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರು ತಮ್ಮ ಗದ್ಯಗ್ರಂಥವೊಂದಕ್ಕೆ ‘ಮಲೆನಾಡಿನ ಚಿತ್ರಗಳು’ ಎಂದೇ ಹೆಸರಿಟ್ಟರು. ಹೀಗಿದ್ದರೂ ಇದೇ ಸೀಮೆಯ ಮಕ್ಕಳ ಚಿತ್ರಪುಸ್ತಕಗಳನ್ನು ತಿರುವಿದರೆ ಎಲ್ಲೆಲ್ಲಿಯೂ ಕಾಣುವುದು ಅದೇ ಮೂರು ತ್ರಿಕೋಣಗಳು, ಅವುಗಳ ನಡುವೆ ಅರ್ಧ ಸೂರ್ಯ, ತ್ರಿಕೋಣಗಳಿಗೆ ಡಬ್ಬಿಯಿಂದ ನೇರವಾಗಿ ತೆಗೆದ ಗಿಣಿಹಸುರು. ಇದು ಎಲ್ಲಿಂದ ಬಂದಿತು?

ನಾವು ಉಪಾಧ್ಯಾಯರಾಗಿದ್ದ ಒಂದು ಶಾಲೆಯಲ್ಲಿ ನಡೆದುದನ್ನು ಇಲ್ಲಿ ಹೇಳಬೇಕಾಗಿದೆ. ತೋಟದ ಮನೆಯೊಂದರ ಹುಡುಗ, ಹನ್ನೊಂದು ಹನ್ನೆರಡರ ವಯಸ್ಸು, ಪರೀಕ್ಷೆಯ ಚಿತ್ರದಲ್ಲಿ ಹಿಂದಿನ ಗುಡ್ಡಗಳನ್ನು ನೀಲಿಯಾಗಿ, ಅದರಲ್ಲಿಯೂ ಒಂದಕ್ಕಿಂತ ಒಂದನ್ನು ತೆಳುವಾಗಿ ಬರೆದಿದ್ದನು. ಯಾರೂ ಹೇಳಿಕೊಟ್ಟುದಲ್ಲ. ಪರವೂರಿನಿಂದ ಬಂದಿದ್ದ ಪರೀಕ್ಷಕರು ಕೆಂಪು ಶಾಯಿಯಿಂದ ಆ ಗುಡ್ಡಗಳ ಮೇಲೆ ಅಡ್ಡಗೀಟು ಎಳೆದು, ಬೆಟ್ಟ ಹಸುರಲ್ಲವೇನಯ್ಯಾ ಎಂದು ತರಗತಿಯ ಎದುರಿನಲ್ಲಿ ಕೇಳಿದರು. ಹುಡುಗನು ಕಿಟಕಿಯ ಕಡೆಗೆ ಕೈ ತೋರಿಸಿದನು. ಪರೀಕ್ಷಕರು ಕಿಟಕಿಯನ್ನು ನೋಡಲಿಲ್ಲ.

ತರ್ಕಶಾಸ್ತ್ರವನ್ನು ಓದಿದವರಿಗೆ ಬೆಟ್ಟದ ಮೇಲಣ ಹೊಗೆಯಿಂದ ಬೆಂಕಿಯನ್ನು ಊಹಿಸುವ ದೃಷ್ಟಾಂತವು ಕಂಠಪಾಠವಾಗಿರುತ್ತದೆ. ಅನುಮಾನ ಪ್ರಮಾಣಕ್ಕೆ ಅದು ಸಾಮಾನ್ಯವಾದ ಉದಾಹರಣೆ. ಪರೀಕ್ಷಕರು ಮಾಡಿದುದೂ ಅನುಮಾನವೇ: ಎಲೆ ಹಸುರು, ಬೆಟ್ಟದ ಮೇಲೆ ಎಲೆಯುಂಟು, ಆದುದರಿಂದ ಬೆಟ್ಟ ಹಸುರು. ಹುಡುಗನಾದರೋ ಪ್ರತ್ಯಕ್ಷವನ್ನು ಹಿಡಿದಿದ್ದನು. ಪ್ರತ್ಯಕ್ಷವು ಎದುರಿಗಿರುವಾಗ ಅನುಮಾನಕ್ಕೆ ಎಡೆಯೆಲ್ಲಿಯದು? ಆದರೆ ಅಂಕಗಳು ಅನುಮಾನದ ಕೈಯಲ್ಲಿದ್ದವು. ಆ ಹುಡುಗನು ಮುಂದೆ ನಮ್ಮ ಶಾಲೆಯಲ್ಲಿರುವವರೆಗೂ ಬೆಟ್ಟಗಳಿಗೆಲ್ಲ ಹಸುರನ್ನೇ ಬಳಿದನು, ಪೂರ್ಣಾಂಕಗಳನ್ನೂ ಪಡೆದನು.

ಈಗ ಅವನು ಗೃಹಸ್ಥನು, ಅದೇ ತೋಟದ ಯಜಮಾನನು. ಒಂದೆರಡು ವರ್ಷಗಳ ಕೆಳಗೆ ಅವನ ಮನೆಯಲ್ಲಿ ತಂಗಿದ್ದಾಗ ಅವನ ಮಗಳು ತನ್ನ ಚಿತ್ರವನ್ನು ತಂದು ತೋರಿಸಿದಳು. ಮೂರು ಹಸುರು ತ್ರಿಕೋಣಗಳು. ಬೆಟ್ಟ ಯಾವ ಬಣ್ಣವಮ್ಮಾ ಎಂದು ಕೇಳಿದುದಕ್ಕೆ, ಹಸುರೆಂದು ಅಪ್ಪ ಹೇಳಿದ್ದಾನೆ ಎಂದಳು. ತಂದೆಯು ಬಾಗಿಲಲ್ಲಿ ನಿಂತಿದ್ದನು. ನಾವು ಏನೂ ಹೇಳದೆ ಮಗುವಿನ ಹಸುರು ಬಣ್ಣದ ಕಡ್ಡಿಯನ್ನು ತೆಗೆದುಕೊಂಡು, ಅದನ್ನು ಕಣ್ಣೆದುರಿಗೆ ತೋಳುದ್ದದಲ್ಲಿ ಹಿಡಿದು, ಅದರ ಪಕ್ಕದಲ್ಲಿಯೇ ಆಚೆಯ ಗುಡ್ಡವು ಕಾಣುವಂತೆ ಮಾಡಿ ಅವಳಿಗೆ ಕೊಟ್ಟೆವು. ಅವಳು ಹಿಡಿದು ನೋಡಿದಳು. ಬಳಿಕ ಕಡ್ಡಿಯನ್ನು ತಂದೆಯ ಕೈಗಿತ್ತಳು. ಅವನು ಬಹಳ ಹೊತ್ತು ಹಾಗೆಯೇ ಹಿಡಿದುಕೊಂಡಿದ್ದನು. ನಾನು ಒಂದು ಸಲ ಹೀಗೆ ಬರೆದಿದ್ದೆನಲ್ಲವೆ ಮೇಷ್ಟ್ರೇ, ಎಂದು ಕೇಳಿದನು. ಬರೆದಿದ್ದೆ ಎಂದೆವು. ಅಂದಿನಿಂದ ಆ ಮನೆಯಲ್ಲಿ ಒಂದು ಬಣ್ಣದ ಪೆಟ್ಟಿಗೆಯು ಜಗಲಿಯ ಮೇಲೆಯೇ ಇರುತ್ತದೆ, ಮಗಳಿಗಿಂತ ತಂದೆಯೇ ಅದನ್ನು ಹೆಚ್ಚಾಗಿ ಬಳಸುವನೆಂದು ಅವನ ಮಡದಿಯ ದೂರು.

ಈ ಕಡ್ಡಿ ಹಿಡಿಯುವ ಉಪಾಯವನ್ನು ಎಲ್ಲರೂ ಮಾಡಿನೋಡಬಹುದು. ನೆನಪಿನಲ್ಲಿರುವ ಬಣ್ಣವು ಕಣ್ಣಿನಲ್ಲಿರುವ ಬಣ್ಣವನ್ನು ಮುಚ್ಚುತ್ತದೆ. ಪಕ್ಕದಲ್ಲಿ ನಿಜವಾದ ಹಸುರನ್ನು ಇಟ್ಟ ಕೂಡಲೆ ಮೋಸ ಬಯಲಾಗುವುದು. ಮೊಬೈಲಿನಲ್ಲಿ ತೆಗೆದ ಚಿತ್ರವನ್ನು ನೋಡಿ ಬರೆಯುವ ಪದ್ಧತಿಯು ಈಗ ಹೆಚ್ಚಾಗಿದೆ. ಅದರಲ್ಲಿ ಒಂದು ತೊಡಕುಂಟು: ಆ ಯಂತ್ರಗಳಲ್ಲಿ ಅನೇಕವು ಮಬ್ಬನ್ನು ತಾವಾಗಿಯೇ ತೆಗೆದು ಬಣ್ಣಗಳನ್ನು ಗಾಢಗೊಳಿಸಿ ತೋರಿಸುತ್ತವೆ. ನಮಗೆ ಬೇಕಾದ ಗಾಳಿಯನ್ನೇ ಅವು ಹಿಂಡಿ ಚೆಲ್ಲುವುವು. ಇದ್ದ ಬೆಟ್ಟವನ್ನು ಇದ್ದಲ್ಲಿಯೇ ನೋಡಿ ಬರೆಯುವುದು ಲೇಸು.

ಈಗ ಬರೆಯುವ ಕ್ರಮವನ್ನು ಹೇಳುವೆವು. ಕಾಗದವು ಚದರ ಮೀಟರಿಗೆ 300 ಗ್ರಾಂ ತೂಗುವಂತಹದಿದ್ದರೆ ನೀರಿಗೆ ಸುಕ್ಕಾಗದು. ತೆಳುವಾದುದನ್ನು ಹಲಗೆಗೆ ನಾಲ್ಕಂಚಿನಲ್ಲಿಯೂ ಅಂಟಿಸಿಕೊಳ್ಳತಕ್ಕದ್ದು. ಬಣ್ಣಗಳು ನಾಲ್ಕು ಸಾಕು: ಅಲ್ಟ್ರಾಮರೀನ್ ಎಂಬ ನೀಲಿ, ಯೆಲ್ಲೋ ಓಕರ್ ಎಂಬ ಮಣ್ಣಿನ ಹಳದಿ, ಬರ್ನ್ಟ್ ಸಿಯೆನ್ನ ಎಂಬ ಸುಟ್ಟ ಮಣ್ಣಿನ ಕಂದು, ಇಂಡಿಯನ್ ರೆಡ್ ಎಂಬ ಕಾವಿ. ಈ ನೀಲಿಯು ಒಂದು ಕಾಲದಲ್ಲಿ ಆಫ್ಘಾನಿಸ್ತಾನದ ಬದಕ್‌ಶಾನಿನ ರಾಜಾವರ್ತ ಶಿಲೆಯನ್ನು ಅರೆದು ತೆಗೆಯುತ್ತಿದ್ದ, ಚಿನ್ನದ ಬೆಲೆಯ ವಸ್ತು. 19ನೆಯ ಶತಮಾನದಲ್ಲಿ ಅದನ್ನು ಕೃತಕವಾಗಿ ತಯಾರಿಸಲು ಕಲಿತ ಮೇಲೆ ಬಿಳಿ ಬಟ್ಟೆಗೆ ಹಾಕುವ ನೀಲಿಯ ಪುಡಿಯಾಗಿ ಮನೆಮನೆಗೂ ಬಂದಿತು. ಡಬ್ಬಿಯ ಸಿದ್ಧ ಹಸುರನ್ನು ಮುಟ್ಟದಿರುವುದೇ ಉತ್ತಮವು. ಮಲೆನಾಡಿನ ಹಸುರೆಲ್ಲವೂ ಈ ನೀಲಿ ಹಳದಿಗಳ ಬೆರಕೆಯಿಂದ ಬರುವುದು, ಅದು ಹೆಚ್ಚು ಮಿನುಗಿದರೆ ಕಾವಿಯ ಒಂದು ಕಣವು ಅದನ್ನು ತಗ್ಗಿಸುವುದು. ನೀಲಿ ಮತ್ತು ಸುಟ್ಟ ಕಂದು ಕೂಡಿದರೆ ಬೂದುಬಣ್ಣವಾಗುತ್ತದೆ. ನೀಲಿ ಮುಂದಾದರೆ ತಣ್ಣನೆಯ ಬೂದು, ಕಂದು ಮುಂದಾದರೆ ಬೆಚ್ಚನೆಯ ಬೂದು. ಈ ಒಂದು ಬೆರಕೆಯನ್ನು ವಶಮಾಡಿಕೊಂಡವನಿಗೆ ಅರ್ಧ ವಿದ್ಯೆ ಬಂದಂತೆ.

ಕೆಲಸವನ್ನು ಹಿಂದಿನಿಂದ ಮುಂದಕ್ಕೆ ನಡೆಸಬೇಕು. ಕಾಗದವನ್ನೆಲ್ಲ ಶುದ್ಧ ನೀರಿನಿಂದ ತೋಯಿಸಿ, ಆಕಾಶಕ್ಕೆ ಹಳದಿಯ ನೆನಪಿನಷ್ಟು ಹಳದಿಯನ್ನು ಕೆಳಗೂ, ನೀಲಿಯ ಉಸಿರಿನಷ್ಟು ನೀಲಿಯನ್ನು ಮೇಲೂ ಹಾಯಿಸತಕ್ಕದ್ದು. ಅದು ಒಣಗಿದ ಮೇಲೆ ಅತ್ಯಂತ ದೂರದ ಬೆಟ್ಟ: ಬಹಳ ನೀರು, ಸ್ವಲ್ಪ ನೀಲಿ, ಕಾವಿಯ ಕಣ. ಆಕಾಶಕ್ಕಿಂತ ಒಂದು ಕೂದಲಷ್ಟು ಗಾಢವಾದರೆ ಸಾಕು. ಜಲವರ್ಣವು ಒಣಗಿದಾಗ ಹಗುರಾಗುವುದೆಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು. ಈ ಬೆಟ್ಟದ ಬುಡವು ಇನ್ನೂ ಹಸಿಯಾಗಿರುವಾಗಲೇ ಬರಿಯ ನೀರಿನ ಕುಂಚವನ್ನು ಅದರ ಕೆಳಗೆ ಎಳೆದರೆ ಬಣ್ಣವು ಕೆಳಗಿಳಿಯುತ್ತ ಇಲ್ಲವಾಗುವುದು. ಅದೇ ಕಣಿವೆಯ ಮಂಜು. ಇಲ್ಲಿ ಹೊಸಬರು ಗಮನಿಸದೆ ಬಿಡುವ ಮರ್ಮವೊಂದುಂಟು. ಮಂಜು ತಗ್ಗಿನಲ್ಲಿ ನಿಲ್ಲುವುದರಿಂದ ನಮ್ಮ ಕಡೆಯ ಬೆಟ್ಟಗಳ ನೆತ್ತಿಯು ಗಾಢ, ಬುಡವು ತೆಳು. ಬುಡದಲ್ಲಿ ನೆರಳನ್ನು ತುಂಬಿದರೆ ಬೆಟ್ಟವು ನೆಲದಲ್ಲಿ ಹುಗಿದ ಕಲ್ಲಾಗುವುದು.

ಎರಡನೆಯ ಬೆಟ್ಟಕ್ಕೆ ನೀರು ಕಡಿಮೆ, ಬಣ್ಣ ಹೆಚ್ಚು. ಮೂರನೆಯದರಲ್ಲಿ ಹಳದಿಯು ಮೊದಲ ಸಲ ಬೆಟ್ಟದೊಳಕ್ಕೆ ಬರುವುದು, ಹಸುರು ಹುಟ್ಟುವುದು. ದೂರದಲ್ಲಿ ಮೊದಲು ಕೆಡುವುದು ಕಪ್ಪು ಎಂಬುದನ್ನು ನೆನಪಿಡಬೇಕು. ಆಚೆಯ ಕಾಡಿನ ನೆರಳುಗಳು ಎಂದಿಗೂ ಕಪ್ಪಲ್ಲ, ನೀಲಿ. ಬಿಳುಪಿಗೆ ಇದಕ್ಕೆ ವಿರುದ್ಧವಾದ ಗತಿ. ದೂರದ ಬಿಳಿಯ ಮೋಡವೂ ಸುಣ್ಣದ ಗೋಡೆಯೂ ಕೊಂಚ ಹಳದಿಗೆ ತಿರುಗಿ ಮಾಸುತ್ತವೆ. ಅಂಚುಗಳ ವಿಷಯವೂ ಹೀಗೆಯೇ, ದೂರದಲ್ಲಿ ಮೆದು, ಹತ್ತಿರದಲ್ಲಿ ಹರಿತ. ಕೊನೆಗೆ ಮುಂದಣ ಅಡಿಕೆಯ ಮರಗಳು. ಇಲ್ಲಿ ಕಪ್ಪಿಗೆ ಸಮೀಪವಾದ ಹಸುರನ್ನೂ ಕಾಂಡಕ್ಕೆ ಬೆಚ್ಚನೆಯ ಕಂದನ್ನೂ ಧಾರಾಳವಾಗಿ ಬಳಸಬಹುದು. ಆದರೆ ಮೂರೋ ನಾಲ್ಕೋ ಮರ ಬರೆದು ನಿಲ್ಲಿಸತಕ್ಕದ್ದು. ತೋಟದಲ್ಲಿ ಸಾವಿರ ಮರವಿದೆಯೆಂದು ಸಾವಿರವನ್ನೂ ಬರೆಯ ಹೊರಟವರು ಹಿಂದಿನ ಬೆಟ್ಟಗಳನ್ನು ಬೇಲಿಯಿಂದ ಮುಚ್ಚಿದಂತಾಗುವುದು.

ಕಾಲಭೇದದಿಂದ ಇವೆಲ್ಲ ಬದಲಾಗುತ್ತವೆ. ಮಳೆ ನಿಂತ ಕೂಡಲೆ ಬರುವ ತೊಳೆದ ಗಾಳಿಯಲ್ಲಿ ಬಸರೀಕಟ್ಟೆಯ ಕಡೆಯ ಮೇರುತಿಯಂತಹ ಪರ್ವತವೂ ಕೈಗೆಟಕುವಂತೆ ಹತ್ತಿರ ನಿಲ್ಲುವುದು, ಆಗ ನಮ್ಮ ಸೂತ್ರಗಳನ್ನು ಕಟ್ಟಿಟ್ಟು ಕಂಡದ್ದನ್ನು ಬರೆಯಬೇಕು. ಫಾಲ್ಗುಣ ಚೈತ್ರಗಳಲ್ಲಿ ಧೂಳು ಹೊಗೆಗಳಿಂದ ನೀಲಿಯು ಕೆಂಬೂದಿಯಾಗುವುದು. ನರಸಿಂಹರಾಜಪುರದ ಬಳಿ ಭದ್ರಾ ಜಲಾಶಯದ ಹಿನ್ನೀರಿನ ಮೇಲೆ ಬೆಳಗಿನ ಆವಿ ಏಳುವಾಗ ಬೆಟ್ಟವು ನೆಲವನ್ನೇ ಬಿಟ್ಟು ತೇಲುವುದು.

ನಮ್ಮ ಸೀಮೆಯಲ್ಲಿ ಜಲವರ್ಣಕ್ಕೆ ಹವೆಯಂತಹ ಹಗೆಯೂ ಬೇರೊಂದಿಲ್ಲ. ಆಷಾಢ ಶ್ರಾವಣಗಳಲ್ಲಿ ಒಂದು ಬೆಟ್ಟ ಒಣಗಲು ಅರ್ಧ ದಿನ ಹಿಡಿಯುವುದು. ಒಲೆಗೆ ಮೂರು ಮೊಳ ದೂರದಲ್ಲಿ ಹಲಗೆಯನ್ನು ಮಲಗಿಸಿ, ನಿಲ್ಲಿಸದೆ, ಒಣಗಿಸಿಕೊಳ್ಳಬೇಕು. ಬಳಸದ ಕಾಗದವನ್ನು ಬಟ್ಟೆಯಲ್ಲಿ ಸುತ್ತಿ, ಇದ್ದಲಿನ ಒಂದು ಗಂಟಿನೊಡನೆ ಬಿಗಿಯಾದ ತಗಡಿನ ಪೆಟ್ಟಿಗೆಯಲ್ಲಿಟ್ಟರೆ ಬೂಷ್ಟು ಹಿಡಿಯುವುದು ಕಡಿಮೆ. ಮುಗಿದ ಚಿತ್ರವನ್ನು ಗಾಜಿಗೆ ತಾಗದಂತೆ ನಡುವೆ ರಟ್ಟಿನ ಅಂಚನ್ನು ಕೊಟ್ಟು ಕಟ್ಟು ಹಾಕಿಸಿ, ಮಳೆ ಬಡಿಯುವ ಪಡುವಣ ಗೋಡೆಯನ್ನು ಬಿಟ್ಟು ಒಳಗೋಡೆಗೆ ತೂಗಹಾಕತಕ್ಕದ್ದು. ವರ್ಷಕ್ಕೊಮ್ಮೆ ದೀಪಾವಳಿಗೆ ಮನೆ ಗುಡಿಸುವಾಗ ಅದನ್ನು ಕೆಳಗಿಳಿಸಿ, ಬೆನ್ನನ್ನು ಬಿಸಿಲಿಗೂ ಮುಖವನ್ನು ನೆರಳಿಗೂ ಮಾಡಿ ಒಂದು ಗಂಟೆ ಇಟ್ಟರೆ ಸಾಕು.